ಜಾಮಿಟ್ರಿ ಬಾಕ್ಸಿನಲ್ಲಿ ಉಳಿದ ಚೀಟಿ: ಊರಿನ ಶಾಲೆಗೆ ಆರೋಗ್ಯ ಸೇವೆ ಕೇಳಿ ಪಡೆಯೋದು ಹೇಗೆ

ಆರನೇ ಕ್ಲಾಸಿನ ಹುಡುಗಿಯೊಬ್ಬಳ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಚೀಟಿ ಇತ್ತು. ನಾಲ್ಕು ಮಡಿಕೆ ಮಾಡಿದ್ದಳು. ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿತ್ತು, ಮೇಲೆಲ್ಲ ಪೆನ್ಸಿಲ್ ಪುಡಿ. ಬಿಡಿಸಿ ಓದಿದೆ. ‘ಕಿವಿ ಸೋರುತ್ತಿದೆ, ತಾಲೂಕು ಆಸ್ಪತ್ರೆಗೆ ತೋರಿಸಿ’ ಅಂತ ಬರೆದಿತ್ತು. ತಾರೀಖು ನೋಡಿದರೆ ಏಳು ತಿಂಗಳು ಹಿಂದಿನದು.

ಆಗ ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಅವಳ ಅಮ್ಮನನ್ನು ಕೇಳಿದೆ. “ಡಾಕ್ಟ್ರು ಬಂದಿದ್ರಂತೆ ಅಕ್ಕ, ನೋಡಿಕೊಂಡು ಹೋದ್ರಂತೆ” ಅಂದರು. ಚೀಟಿ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಟೀಚರ್ ಹೇಳಿದರು, “ಮಕ್ಕಳ ಕೈಲಿ ಕೊಟ್ಟು ಕಳಿಸಿದ್ವಲ್ಲ ಮೇಡಂ.” ಆರೋಗ್ಯ ತಂಡದವರು ಹೇಳಿದರು, “ನಾವು ರೆಫರ್ ಮಾಡಿದ್ದೀವಿ.” ಎಲ್ಲರೂ ಅವರವರ ಕೆಲಸ ಮಾಡಿದ್ದರು. ಕಿವಿ ಮಾತ್ರ ಸೋರುತ್ತಲೇ ಇತ್ತು. ಹುಡುಗಿ ಕೊನೆ ಬೆಂಚಿನಲ್ಲಿ ಕೂರುತ್ತಿದ್ದಳು. ಪಾಠ ಸರಿಯಾಗಿ ಕೇಳಿಸ್ತಿಲ್ಲ ಅಂತ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಕೂಡ.

ಆ ಚೀಟಿ ನೋಡಿದ ದಿನದಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಶಾಲೆಗೆ ಆರೋಗ್ಯ ಸೇವೆ ಬೇಕು ಅಂತ ಊರವರು ಕೇಳುವಾಗ ‘ಡಾಕ್ಟರ್ ಬಂದ್ರಾ’ ಅಂತ ಕೇಳಿದರೆ ಸಾಲದು. ‘ಬಂದು ಹೋದ ಮೇಲೆ ಮಗುವಿಗೆ ಏನಾಯ್ತು’ ಅಂತಲೂ ಕೇಳಬೇಕು. ಇದನ್ನು ಒಬ್ಬರೇ ಕೇಳಿದರೆ ದೂರು ಹೇಳಿದ ಹಾಗೆ ಆಗುತ್ತದೆ. ಹತ್ತು ಜನ ತಾಯಂದಿರು ಪುಸ್ತಕ ಹಿಡಿದು ಕೇಳಿದರೆ ಉತ್ತರ ಬರುತ್ತದೆ. ಹಾಗೆ ಕೇಳೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು, ನಮಗೆ ಬರಬೇಕಾದ್ದು ಏನು ಅಂತ ತಿಳಿದುಕೊಳ್ಳಿ

ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದಲೇ ಶಾಲೆಯ ಒಳಗೆ ಪುಟ್ಟ ಕ್ಲಿನಿಕ್ ಇಡುವ ಪದ್ಧತಿ ಬೆಳೆದಿದೆ. ನಮ್ಮಲ್ಲಿ ದಾರಿ ಬೇರೆ. ಇಲ್ಲಿ ಆರೋಗ್ಯ ತಂಡವೇ ಶಾಲೆಗೆ ಬಂದು ಹೋಗುತ್ತದೆ. ಇದು ಹೊಸದೂ ಅಲ್ಲ. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು ಬರೋಡಾದಲ್ಲಿ, 1909ರಲ್ಲಿ.

ಈಗ ಇರುವ ಮುಖ್ಯ ವ್ಯವಸ್ಥೆಯ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಎಲ್ಲರೂ ಆರ್‌ಬಿಎಸ್‌ಕೆ ಅಂತಲೇ ಕರೆಯುತ್ತಾರೆ. 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಎಲ್ಲರೂ ಇದರೊಳಗೆ ಬರುತ್ತಾರೆ. ನಿಯಮದ ಪ್ರಕಾರ ಒಂದು ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಅಂದರೆ ಒಬ್ಬ ಪುರುಷ ವೈದ್ಯರು, ಒಬ್ಬ ಮಹಿಳಾ ವೈದ್ಯರು, ಜೊತೆಗೆ ಒಬ್ಬ ನರ್ಸ್, ಒಬ್ಬ ಫಾರ್ಮಾಸಿಸ್ಟ್ ಇರಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಸಲ ಬರಬೇಕು. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದೆ ಬೀಳೋದು, ಈ ನಾಲ್ಕನ್ನೂ ನೋಡುತ್ತಾರೆ. ಹಲ್ಲು ಹುಳುಕು, ದೃಷ್ಟಿ ದೋಷ, ಕಿವಿ ಸೋರುವುದು, ಚರ್ಮದ ತೊಂದರೆ, ಉಬ್ಬಸ, ಮೂರ್ಛೆ, ಹೃದಯದ ಕಾಯಿಲೆ ಎಲ್ಲ ಇದರಲ್ಲೇ ಬರುತ್ತವೆ. ಮುಂದಿನ ಚಿಕಿತ್ಸೆಯೂ ಉಚಿತ, ಆಪರೇಷನ್ ಬೇಕಾದರೆ ಅದೂ ಸೇರಿ. ಈ ‘ಆಪರೇಷನ್ ಸೇರಿ’ ಅನ್ನೋ ಮಾತು ಬಹಳ ತಂದೆ ತಾಯಿಯರಿಗೆ ಗೊತ್ತಿಲ್ಲ. ದುಡ್ಡಿನ ಭಯಕ್ಕೆ ಚೀಟಿಯನ್ನು ಗೂಡಿನಲ್ಲಿಟ್ಟು ಸುಮ್ಮನಾದವರನ್ನು ನಾನೇ ನೋಡಿದ್ದೇನೆ.

ಇದರ ಜೊತೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ. ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, 6ನೇ ತರಗತಿಯಿಂದ ಮೇಲಿನವರಿಗೆ ನೀಲಿ. ಜಂತುಹುಳು ಮಾತ್ರೆಗೆ ರಾಷ್ಟ್ರೀಯ ದಿನ ಅಂತ ಫೆಬ್ರವರಿ 10 ಮತ್ತು ಆಗಸ್ಟ್ 10 ಗೊತ್ತು ಮಾಡಿದ್ದಾರೆ. 2020ರಲ್ಲಿ ಬಂದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿ ಅಂತ ತರಬೇತಿ ಕೊಡಬೇಕು. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು ಅಂತ ನಾಳೆಯೇ ಕೇಳಿ. ಕೆಲಸ ಶುರುವಾಗಬೇಕಾದ್ದು ಅವರಿಂದಲೇ.

ಆಮೇಲೆ, ಹಾಜರಿ ಪುಸ್ತಕ

ಸಭೆ ಕರೆಯುವ ಮೊದಲು ಎರಡು ವಾರ ಸುಮ್ನೆ ನೋಡಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಕಳೆದ ಮೂರು ತಿಂಗಳ ಹಾಜರಿ ತೆಗೆಯಿರಿ. ಜಾಸ್ತಿ ದಿನ ತಪ್ಪಿಸಿದ ಮಕ್ಕಳು ಯಾರು, ಯಾಕೆ ಅಂತ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಹೊಟ್ಟೆನೋವು, ಜ್ವರ, ಹಲ್ಲುನೋವು, ಮುಟ್ಟಿನ ದಿನ ಹೀಗೆ ಗೆರೆ ಎಳೆದು ಎಣಿಸಿ. ಹುಡುಗಿಯರು ತಿಂಗಳಲ್ಲಿ ಎರಡು ಮೂರು ದಿನ ತಪ್ಪದೆ ರಜೆ ಹಾಕುತ್ತಿದ್ದರೆ ಶೌಚಾಲಯದ ಕಡೆ ಹೋಗಿ ನೋಡಿ. ನೀರು ಬರ್ತಿದೆಯಾ, ಚಿಲಕ ಇದೆಯಾ, ಬಳಸಿದ ಪ್ಯಾಡ್ ಹಾಕಲು ಜಾಗ ಇದೆಯಾ?

ಬಿಸಿಯೂಟದ ಅಡುಗೆ ಅಕ್ಕಂದಿರನ್ನು ಮಾತಾಡಿಸೋದು ಮರೆಯಬೇಡಿ. ಯಾವ ಮಗು ಅನ್ನ ಬಿಡುತ್ತದೆ, ಯಾವುದು ಮೂರನೇ ಸಲ ಹಾಕಿಸಿಕೊಳ್ಳುತ್ತದೆ, ಯಾರು ಬೆಳಗ್ಗೆ ಏನೂ ತಿನ್ನದೆ ಬಂದು ಹಾಲಿಗೆ ಕಾಯುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿಗೆ ದೂರದ್ದು ಕಾಣಲ್ಲ ಅಂತ ಮೊದಲು ಗುರುತಿಸಿದ್ದು ಅಡುಗೆ ಅಕ್ಕ. ಸಾಲಿನಲ್ಲಿ ನಿಂತು ಪಕ್ಕದ ಪಾತ್ರೆಯಲ್ಲಿ ಏನಿದೆ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದನಂತೆ.

ದೃಷ್ಟಿ ಪರೀಕ್ಷೆಯ ಮೊದಲ ಹಂತ ಶಾಲೆಯಲ್ಲೇ ಮಾಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಕ್ಷರಗಳ ಚಾರ್ಟ್ ಕೇಳಿ ತನ್ನಿ. ಬೆಳಕಿರುವ ಗೋಡೆಗೆ ಅಂಟಿಸಿ, 6 ಮೀಟರ್ ಅಂದರೆ ಸುಮಾರು 20 ಅಡಿ ದೂರದಲ್ಲಿ ಸುಣ್ಣದ ಗೆರೆ ಹಾಕಿ. ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿಸಿ, ಒಂದೊಂದೇ ಕಣ್ಣು ನೋಡಿ. ಸಂಶಯ ಬಂದವರ ಪಟ್ಟಿ ಮಾಡಿ ಅಷ್ಟೆ. ಕನ್ನಡಕದ ನಂಬರ್ ಹೇಳೋದು ನಮ್ಮ ಕೆಲಸ ಅಲ್ಲ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಸಿಗುತ್ತದೆ, ಅದಕ್ಕೆ ಈ ಪಟ್ಟಿಯೇ ಆಧಾರ.

ತೂಕದ ಯಂತ್ರ ಇದ್ದರೆ ಅದನ್ನೂ ಪರೀಕ್ಷಿಸಿ. 20 ಲೀಟರ್ ನೀರಿನ ಕ್ಯಾನನ್ನು ಖಾಲಿ ಇಟ್ಟು ಒಮ್ಮೆ, ತುಂಬಿಸಿ ಒಮ್ಮೆ ತೂಗಿ. ವ್ಯತ್ಯಾಸ 20 ಕೆಜಿ ಬರಬೇಕು. ಬರದಿದ್ದರೆ ಆ ಯಂತ್ರದಲ್ಲಿ ಬರೆದ ಮಕ್ಕಳ ತೂಕವೆಲ್ಲ ತಪ್ಪು ಅಂತ ಅರ್ಥ.

ಜನ ಸೇರಿಸುವುದು

ಊರಿನ ದೊಡ್ಡವರಿಂದ ಶುರು ಮಾಡಬೇಡಿ. ಮಕ್ಕಳ ಅಮ್ಮಂದಿರಿಂದ ಶುರು ಮಾಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಕಾಗದದಲ್ಲಿ ಇರುತ್ತಾರೆ, ಸಭೆಯಲ್ಲಿ ಇರಲ್ಲ. ಯಾಕೆ ಅಂದರೆ ಸಭೆ ಇಡೋದು ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಅವರು ಹೊಲದಲ್ಲೋ ಗಾರ್ಮೆಂಟ್ಸಿನಲ್ಲೋ ಇರುತ್ತಾರೆ. ನಾವು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ, ಡೇರಿ ಕಟ್ಟೆಯ ಮೇಲೆಯೇ ಸೇರಿದೆವು. ಇಪ್ಪತ್ತು ನಿಮಿಷ ಸಾಕಾಯಿತು. ಸ್ತ್ರೀಶಕ್ತಿ ಸಂಘದ ವಾರದ ಸಭೆಯೂ ಒಳ್ಳೆಯ ಜಾಗ.

ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಈ ಮೂವರನ್ನು ಮೊದಲ ದಿನವೇ ಕರೆಯಿರಿ. ಇವರ ಮೇಲೆ ಕೆಲಸದ ಹೊರೆ ಬಹಳ ಇದೆ. ಹಾಗಾಗಿ “ನೀವು ಯಾಕೆ ಮಾಡಿಲ್ಲ” ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. “ನಿಮಗೆ ಏನು ಸಿಕ್ತಿಲ್ಲ, ನಾವು ಯಾರನ್ನ ಕೇಳಬೇಕು” ಅಂತ ಕೇಳಿ. ಮಾತ್ರೆ ಬಂದಿಲ್ಲ, ತಂಡದ ಗಾಡಿ ಕೆಟ್ಟಿದೆ, ಒಬ್ಬ ವೈದ್ಯರ ಹುದ್ದೆ ಖಾಲಿ ಇದೆ, ನಿಜವಾದ ಕಾರಣಗಳು ಆಗ ಹೊರಗೆ ಬರುತ್ತವೆ. ನೀವು ಮೇಲಿನವರ ಹತ್ತಿರ ಕೇಳಬೇಕಾದ್ದೂ ಅದೇ.

ಶಿಕ್ಷಕರ ವಿಷಯದಲ್ಲೂ ಅಷ್ಟೇ. ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಅವರ ತಲೆ ಮೇಲಿದೆ. ಇನ್ನೊಂದು ರಿಜಿಸ್ಟರ್ ಅವರ ಮೇಲೆ ಹೊರಿಸಬೇಡಿ. ಅದನ್ನು ಪೋಷಕರೇ ಬರೆಯಲಿ.

ಒಂದೇ ಬೇಡಿಕೆ, ಅದೂ ಬರವಣಿಗೆಯಲ್ಲಿ

ನಾವು ಮೊದಲ ಸಲ ಹದಿನಾಲ್ಕು ಬೇಡಿಕೆ ಬರೆದು ಕೊಟ್ಟೆವು. ಕಾಂಪೌಂಡ್‌ನಿಂದ ಹಿಡಿದು ನರ್ಸ್ ತನಕ. ಒಂದಕ್ಕೂ ಉತ್ತರ ಬರಲಿಲ್ಲ. ಎರಡನೇ ಸಲ ಒಂದೇ ವಿಷಯ ಬರೆದೆವು, ಎರಡು ವಾರದಲ್ಲಿ ಫೋನ್ ಬಂತು. ಆ ಪತ್ರ ಹೆಚ್ಚು ಕಡಿಮೆ ಹೀಗಿತ್ತು:

“ನಮ್ಮ ಶಾಲೆಯಲ್ಲಿ 112 ಮಕ್ಕಳಿದ್ದಾರೆ. ಕಳೆದ ವರ್ಷದ ತಪಾಸಣೆಯಲ್ಲಿ 19 ಮಕ್ಕಳಿಗೆ ಮುಂದಿನ ಚಿಕಿತ್ಸೆಗೆ ಚೀಟಿ ಕೊಡಲಾಗಿದೆ. ಅವರಲ್ಲಿ 4 ಮಕ್ಕಳು ಮಾತ್ರ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಉಳಿದ 15 ಮಕ್ಕಳನ್ನು ಒಂದೇ ದಿನ ತಾಲೂಕು ಆಸ್ಪತ್ರೆಯಲ್ಲಿ ನೋಡಲು ತಾರೀಖು ಗೊತ್ತು ಮಾಡಿ ತಿಳಿಸಬೇಕೆಂದು ಕೋರುತ್ತೇವೆ. ಮಕ್ಕಳನ್ನು ಕರೆತರುವ ಜವಾಬ್ದಾರಿ ಪೋಷಕರದು.”

ಕೊನೆಯ ಸಾಲು ನೋಡಿದಿರಾ? ನಾವು ಏನು ಮಾಡುತ್ತೇವೆ ಅಂತ ಹೇಳಿದರೆ ಎದುರಿನವರಿಗೂ ಮಾಡುವ ಮನಸ್ಸು ಬರುತ್ತದೆ. ಪತ್ರದಲ್ಲಿ ಮಕ್ಕಳ ಹೆಸರು ಬರೆಯಬೇಡಿ, ಸಂಖ್ಯೆ ಮಾತ್ರ ಇರಲಿ.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ಆರೋಗ್ಯದ ವಿಷಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮೊದಲು, ಆಮೇಲೆ ತಾಲೂಕು ಆರೋಗ್ಯಾಧಿಕಾರಿಗೆ. ಶಾಲೆಯ ವಿಷಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ). ನೀರು, ಶೌಚಾಲಯದ ವಿಷಯ ಪಂಚಾಯಿತಿಯ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಒಂದೇ ಪತ್ರವನ್ನು ಎಲ್ಲರಿಗೂ ಹಂಚಿದರೆ ಎಲ್ಲರೂ ಇನ್ನೊಬ್ಬರು ನೋಡ್ತಾರೆ ಅಂದುಕೊಳ್ಳುತ್ತಾರೆ. ಕೆಲಸ ಯಾರದೋ ಅವರ ಹೆಸರಿಗೇ ಬರೆದು, ಉಳಿದವರಿಗೆ ಮಾಹಿತಿಗಾಗಿ ಪ್ರತಿ ಕೊಡಿ.

ಗ್ರಾಮಸಭೆಯಲ್ಲಿ ನಡಾವಳಿಗೆ ಸೇರಿಸಿ

ಗ್ರಾಮಸಭೆಯಲ್ಲಿ ಜೋರಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರೆ ಏನೂ ಸಿಗಲ್ಲ. ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಿದ್ದಾರಾ ನೋಡಿ, ಓದಿಸಿ, ಆಮೇಲೆ ಎದ್ದು ಬನ್ನಿ. ಕ್ರಿಯಾಯೋಜನೆಗೆ ಸೇರಿದರೆ ಮಾತ್ರ ಹಣ ಬರುತ್ತದೆ. ಶಾಲಾ ಶೌಚಾಲಯ, ಕಾಂಪೌಂಡ್, ಆಟದ ಮೈದಾನವನ್ನು ನರೇಗಾದಲ್ಲಿ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಚಿಕ್ಕಪುಟ್ಟ ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ಕೇಳಬಹುದು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸೋದು ಶಾಲಾ ಸಮಿತಿಯ ಕೆಲಸ ಅಂತ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್‌ನಲ್ಲೇ ಇದೆ. ಆರೋಗ್ಯ ಕೋಣೆ, ತೂಕದ ಯಂತ್ರ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವನ್ನೆಲ್ಲ ಅದರೊಳಗೆ ಡಿಸೆಂಬರ್‌ಗೆ ಮೊದಲೇ ಬರೆಸಿಬಿಡಿ. ಮಾರ್ಚ್‌ನಲ್ಲಿ ಓಡಾಡಿದರೆ ಪ್ರಯೋಜನ ಇಲ್ಲ.

ಇನ್ನು ಮಕ್ಕಳ ಗ್ರಾಮಸಭೆ. ಇದು ಕರ್ನಾಟಕದ ಪಂಚಾಯಿತಿಗಳಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ. ನನಗೆ ಇದರ ಮೇಲೆ ಬಹಳ ಭರವಸೆ. ದೊಡ್ಡವರು ಬರೆದುಕೊಟ್ಟ ಭಾಷಣವನ್ನು ಮಕ್ಕಳ ಬಾಯಲ್ಲಿ ಹೇಳಿಸಬೇಡಿ. ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು, “ಬಾಗಿಲಿಗೆ ಚಿಲಕ ಇಲ್ಲ ಸಾರ್, ಒಬ್ಬಳು ಹೊರಗೆ ಹಿಡ್ಕೊಂಡು ನಿಲ್ಲಬೇಕು, ಅವಳ ಕ್ಲಾಸ್ ಹೋಗುತ್ತೆ” ಅಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಮರುದಿನ ಸಂಜೆಯೊಳಗೆ ಚಿಲಕ ಬಂತು. ಅದಕ್ಕೆ ಮುಂಚೆ ನಾವು ಎರಡು ವರ್ಷ ಕೇಳಿದ್ದೆವು.

ತಪಾಸಣೆಯ ದಿನ ಪೋಷಕರು ಅಲ್ಲಿರಬೇಕು

ತಂಡ ಬರುವ ತಾರೀಖು ಮೊದಲೇ ತಿಳಿಸಿ ಅಂತ ಕೇಳಿ. ಅವರ ಬಳಿ ತಿಂಗಳ ಪ್ರವಾಸ ಪಟ್ಟಿ ಇರುತ್ತದೆ. ಅದನ್ನು ಡೇರಿ ಗೋಡೆಗೆ ಅಂಟಿಸಿ, ಡಂಗುರ ಸಾರಿಸಿ, ವಾಟ್ಸಾಪ್‌ನಲ್ಲಿ ಹಾಕಿ. ಅವತ್ತು ಕನಿಷ್ಠ ಐದಾರು ಅಮ್ಮಂದಿರು ಶಾಲೆಯಲ್ಲಿ ಇರಲಿ. ಒಬ್ಬರು ಸಾಲು ನೋಡಿಕೊಳ್ಳಲಿ, ಒಬ್ಬರು ಹಿಂದಿನ ವರ್ಷದ ಪಟ್ಟಿ ಹಿಡಿದಿರಲಿ. ಹುಡುಗಿಯರನ್ನು ನೋಡಲು ಪರದೆ ಬೇಕು. ಇಲ್ಲದಿದ್ದರೆ ಎರಡು ಸೀರೆ ಕಟ್ಟಿ. ಅವತ್ತು ಬರದ ಮಕ್ಕಳ ಹೆಸರನ್ನೂ ಬರೆದಿಡಿ. ಜಾಸ್ತಿ ತೊಂದರೆ ಇರುವ ಮಗುವೇ ಅವತ್ತು ಮನೆಯಲ್ಲಿ ಮಲಗಿರುತ್ತದೆ ಅಲ್ವಾ?

ಕಬ್ಬಿಣಾಂಶದ ಮಾತ್ರೆ ಬಗ್ಗೆ ಎರಡು ಮಾತು. ಮಕ್ಕಳು ಇದನ್ನು ಕಿಟಕಿಯಿಂದ ಎಸೆಯುತ್ತಾರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಭಯ. ಕಪ್ಪಾಗುವುದು ಸಹಜ ಅಂತ ಮನೆಯವರಿಗೆ ಮೊದಲೇ ಹೇಳಿ. ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಬಿಸಿಯೂಟ ಆದ ಮೇಲೆ ಕೊಡಬೇಕು. ಹಾಲು, ಟೀ ಜೊತೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಹಿಡಿಯಲ್ಲ. ಹಾಗಾಗಿ ಬೆಳಗಿನ ಕ್ಷೀರಭಾಗ್ಯದ ಹಾಲಿನ ಹೊತ್ತಿನಲ್ಲಿ ಬೇಡ. ನಮ್ಮ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಜನಕ್ಕೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆ ಮಕ್ಕಳೇ ಈಗ ನಮ್ಮ ಶಾಲೆಗೆ ಬರುತ್ತಿದ್ದಾರೆ. ಎಸೆದ ಒಂದೊಂದು ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ.

ಚೀಟಿ ಪುಸ್ತಕ

ಇಡೀ ಕೆಲಸದ ಜೀವ ಇರೋದು ಇದರಲ್ಲೇ. 100 ಪುಟದ ಒಂದು ನೋಟ್‌ಬುಕ್ ತನ್ನಿ. ಚೀಟಿ ಸಿಕ್ಕ ಪ್ರತಿ ಮಗುವಿಗೆ ಒಂದು ಪುಟ. ಎಲ್ಲಿಗೆ ಹೋಗಬೇಕು, ಯಾವಾಗ ಹೋದರು, ಏನು ಹೇಳಿದರು, ಮತ್ತೆ ಯಾವಾಗ ಬರಲು ಹೇಳಿದರು, ಅಷ್ಟೇ ಬರೆಯಿರಿ. ಚೀಟಿಯನ್ನು ಮಗುವಿನ ಕೈಗೆ ಕೊಡಬೇಡಿ. ಅಪ್ಪ ಅಮ್ಮನ ಕೈಗೇ ಕೊಡಿ, ಓದಿ ಹೇಳಿ, ಫೋನಿನಲ್ಲಿ ಫೋಟೋ ತೆಗೆಸಿ.

ಯಾಕೆ ಹೋಗಲಿಲ್ಲ ಅಂತ ಕೇಳಿದಾಗ ನಮಗೆ ಸಿಕ್ಕ ಕಾರಣಗಳು ಬಹಳ ಸಣ್ಣವು. ಒಂದು ದಿನದ ಕೂಲಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಹೋಗಬೇಕು ಗೊತ್ತಿಲ್ಲ. ಹೋದ ದಿನ ಕಣ್ಣಿನ ಡಾಕ್ಟರ್ ಇರಲಿಲ್ಲ. ರೇಷನ್ ಕಾರ್ಡು ಅತ್ತೆ ಹತ್ತಿರ ಇದೆ. ಹಾಗಾಗಿ ಮೂರು ನಾಲ್ಕು ಮಕ್ಕಳನ್ನು ಸೇರಿಸಿ ಒಬ್ಬ ಅಮ್ಮ ಕರೆದುಕೊಂಡು ಹೋಗುವಂತೆ ಮಾಡಿದೆವು. ಮುಂದಿನ ಸಲ ಇನ್ನೊಬ್ಬರು. ಡಾಕ್ಟರ್ ಯಾವ ವಾರ ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿದೆವು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಪುಸ್ತಕದ ಹಿಂದೆಯೇ ಪಿನ್ ಮಾಡಿ ಇಟ್ಟೆವು. ದೊಡ್ಡ ಆಪರೇಷನ್ ಬೇಕಾದವರನ್ನು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಹೀಗೆ ದೂರ ಹೋಗಬೇಕಾದವರ ಜೊತೆ ಆಶಾ ಅಕ್ಕ ಇದ್ದರೆ ಅರ್ಧ ಭಯ ಕಡಿಮೆ.

ಈ ಪುಸ್ತಕ ಬೀಗ ಹಾಕಿದ ಕಪಾಟಿನಲ್ಲಿ ಇರಬೇಕು. ಯಾರಿಗೆ ಮೂರ್ಛೆ ಬರುತ್ತದೆ, ಯಾರು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾರೆ ಅನ್ನೋದು ಊರ ಬಾಯಿಗೆ ಬಿದ್ದರೆ ಆ ಮಗು ಶಾಲೆಯನ್ನೇ ಬಿಡುತ್ತದೆ. ಇಬ್ಬರು ಮಾತ್ರ ಓದುವ ಹಾಗೆ ನಿಯಮ ಮಾಡಿ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅನ್ನೋ ಸುಳಿವು ಸಿಕ್ಕರೆ ಪುಸ್ತಕದಲ್ಲಿ ಬರೆದು ಕೂರಬೇಡಿ. ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಉತ್ತರವೇ ಬರದಿದ್ದರೆ

ಮೊದಲು ಹೋಗಿ ನೇರವಾಗಿ ಕೇಳಿ, ಇಬ್ಬರು ಮೂವರು ಸೇರಿ. ಒಂದು ತಿಂಗಳಾದರೂ ಏನೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ ಇರಬೇಕು. ‘ಯಾಕೆ ಮಾಡಿಲ್ಲ’ ಅಂತ ಕೇಳಿದರೆ ತಳ್ಳಿಹಾಕುತ್ತಾರೆ. ದಾಖಲೆ ಕೇಳಿ: ‘ಈ ವರ್ಷ ನಮ್ಮ ಶಾಲೆಗೆ ತಪಾಸಣೆ ತಂಡ ಭೇಟಿ ಕೊಟ್ಟ ದಿನಾಂಕಗಳು, ತಪಾಸಣೆ ಆದ ಮಕ್ಕಳ ಸಂಖ್ಯೆ, ರೆಫರ್ ಆದವರ ಸಂಖ್ಯೆ, ಚಿಕಿತ್ಸೆ ಪೂರ್ತಿಯಾದವರ ಸಂಖ್ಯೆ.’ ನಾಲ್ಕನೆಯದೇ ಮುಖ್ಯ. ಅದರಾಚೆಗೆ ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾ ಪಂಚಾಯಿತಿ ಸಿಇಒ, ಶಾಸಕರು ಇದ್ದಾರೆ. ಯಾರ ಹತ್ತಿರ ಹೋದರೂ ಸೀಲು ಹಾಕಿಸಿದ ಹಳೆಯ ಪ್ರತಿಗಳ ಕಡತ ಕೈಲಿರಲಿ.

ಕೆಲಸ ಆದಾಗಲೂ ಪತ್ರ ಬರೆಯಿರಿ. 15 ಮಕ್ಕಳನ್ನು ನೋಡಿದ ತಾಲೂಕು ಆಸ್ಪತ್ರೆಯ ವೈದ್ಯರಿಗೆ ನಮ್ಮ ಮಕ್ಕಳು ಬಣ್ಣದ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದರು. ಅದನ್ನು ಅವರು ಟೇಬಲ್ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಇನ್ನೊಂದು, ಇದನ್ನು ನಾವು ತಡವಾಗಿ ಕಲಿತೆವು. ಏಳನೇ ಕ್ಲಾಸು ಮುಗಿಸಿ ಮಗು ಹೈಸ್ಕೂಲಿಗೆ ಹೋದಾಗ ಚೀಟಿ ಪುಸ್ತಕದ ಪುಟ ಹಳೇ ಶಾಲೆಯಲ್ಲೇ ಉಳಿಯುತ್ತದೆ. ಹೊಸ ಶಾಲೆಯವರಿಗೆ ಏನೂ ಗೊತ್ತಿರಲ್ಲ, ಅರ್ಧ ಆದ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಈಗ ಟಿಸಿ ಕೊಡುವ ದಿನ ಆ ಪುಟದ ಜೆರಾಕ್ಸ್ ತೆಗೆದು, ಟಿಸಿ ಜೊತೆ ಪಿನ್ ಮಾಡಿ, ಅಮ್ಮನ ಕೈಗೆ ಕೊಡುತ್ತೇವೆ. ಕಿವಿ ಸೋರುತ್ತಿದ್ದ ಹುಡುಗಿಯ ಪುಟವೂ ಹಾಗೇ ಹೋಯಿತು. ಅದರ ಕೊನೆಯ ಸಾಲು, ‘ಆರು ತಿಂಗಳಿಗೊಮ್ಮೆ ಕಿವಿ ತೋರಿಸಬೇಕು, ಮುಂದಿನ ಬೆಂಚಿನಲ್ಲಿ ಕೂರಿಸಿ.’